ಸೆರೆಯಾಳಿನ ಬೆಡಗು

1967ನೆಯ ಇಸವಿಯ ಸೆಪ್ಟೆಂಬರ್ ತಿಂಗಳ ಕಡೆಯ ವಾರದಲ್ಲಿ ಇಂಗ್ಲೆಂಡಿನ ಐಟಿವಿ ಎಂಬ ದೂರದರ್ಶನ ವಾಹಿನಿಯಲ್ಲಿ ‘ದಿ ಪ್ರಿಸನರ್’, ಎಂದರೆ ಸೆರೆಯಾಳು, ಎಂಬ ಧಾರಾವಾಹಿಯೊಂದು ಆರಂಭವಾಯಿತು. ಹೆಚ್ಚುಕಡಿಮೆ ವಾರಕ್ಕೊಂದರಂತೆ 17 ಕಂತುಗಳು ನಡೆದು, ಮರುವರ್ಷದ ಫೆಬ್ರವರಿಯ ಮೊದಲಲ್ಲಿ ಅದು ಮುಕ್ತಾಯವನ್ನು ಹೊಂದಿತು. ಇಷ್ಟು ಅಲ್ಪಕಾಲ ನಡೆದ ಕೃತಿಯೊಂದರ ಅರ್ಥವೇನೆಂಬ ವಿಷಯದಲ್ಲಿ, ಅರ್ಧ ಶತಮಾನವೇ ಕಳೆದುಹೋದ ಮೇಲೆಯೂ, ಅದನ್ನು ಮೊದಲ ಸಲ ನೋಡಿದವರು ಮುದುಕರಾಗಿ ಅವರ ಮೊಮ್ಮಕ್ಕಳು ನೋಡುವವರಾದ ಮೇಲೆಯೂ, ವಾದ ಪ್ರತಿವಾದಗಳು ನಿಲ್ಲದೆ ನಡೆದುಬಂದಿರುವುದು ವಿಚಾರಾರ್ಹವಾದ ಸಂಗತಿ. ಕೇಳುಗ ಮಹನೀಯರೆ, ಈ ಸಂಜೆ ನಾನು ಆ ಧಾರಾವಾಹಿಯ ಗುಣದೋಷಗಳನ್ನು ತೂಗಿನೋಡುವುದಕ್ಕಿಂತ ಹೆಚ್ಚಾಗಿ, ಅದರ ಅಭಿಮಾನಿಗಳು ಅದರ ಸುತ್ತಲೂ ಕಟ್ಟಿದ ಊಹಾಸಿದ್ಧಾಂತಗಳನ್ನು ಕುರಿತು ಮಾತನಾಡಬೇಕೆಂದಿದ್ದೇನೆ. ಊಹೆ ಎಂದೊಡನೆ ಅದು ಹೊತ್ತು ಕಳೆಯುವ ಹರಟೆಯೆಂದು ಭಾವಿಸುವವರು ವಿದ್ಯಾವಂತರಲ್ಲಿ ಅನೇಕರಿದ್ದಾರೆ. ಆ ಭಾವನೆ ಸಾಧುವಾದುದಲ್ಲವೆಂದು ನನ್ನ ದೃಢವಾದ ನಂಬಿಕೆ.

ಕಥೆಯನ್ನು ಕಾಣದವರಿಗಾಗಿ ಅದರ ಸ್ಥೂಲರೂಪವನ್ನು ಹೇಳಬೇಕಾಗುತ್ತದೆ. ಗುಪ್ತಚರ ಇಲಾಖೆಯ ಅಧಿಕಾರಿಯೊಬ್ಬನು, ಆಕಾಶದಲ್ಲಿ ಗುಡುಗು ಮೊಳಗುತ್ತಿರಲಾಗಿ, ತನ್ನ ಪುಟ್ಟ ಕಾರನ್ನು ವೇಗವಾಗಿ ಓಡಿಸಿಕೊಂಡು ಬಂದು, ಮೇಲಧಿಕಾರಿಯ ಮೇಜನ್ನು ಗುದ್ದಿ, ರಾಜೀನಾಮೆಯ ಪತ್ರವನ್ನೆಸೆದು ಮನೆಗೆ ಹಿಂದಿರುಗುತ್ತಾನೆ. ಅವನು ಪೆಟ್ಟಿಗೆಗೆ ಬಟ್ಟೆಗಳನ್ನು ತುಂಬುತ್ತಿರುವಾಗ, ಶವವಾಹನದಲ್ಲಿ ಹಿಂಬಾಲಿಸಿ ಬಂದ ಕರಿಯುಡುಪಿನವನೊಬ್ಬನು ಬಾಗಿಲಿನ ಬೀಗದ ಕಿಂಡಿಯಿಂದ ವಿಷವಾಯುವನ್ನು ಊದುತ್ತಾನೆ. ಎಚ್ಚರವಾದಾಗ ಕೋಣೆ ಅದೇ. ಕಿಟಕಿಯ ತೆರೆ ಸರಿಸಿದರೆ ಹೊರಗಿರುವ ಊರು ಬೇರೆ. ಅಲ್ಲಿ ಯಾರಿಗೂ ಹೆಸರಿಲ್ಲ, ಎಲ್ಲರಿಗೂ ನಂಬರುಗಳು. ಇವನು ಆರನೆಯವನು. ಊರಿನ ಆಡಳಿತ ಎರಡನೆಯವನದು, ಆ ಎರಡನೆಯವನಾದರೋ ಹೆಚ್ಚುಕಡಿಮೆ ಕಂತಿಗೊಬ್ಬನಂತೆ ಬದಲಾಗುತ್ತಾನೆ. ಬಣ್ಣಬಣ್ಣದ ಕೊಡೆಗಳು, ವಾದ್ಯಗೋಷ್ಠಿ, ಹೂದೋಟ, ಮೃದುವಾದ ಮಾತು, ಇಷ್ಟೆಲ್ಲದರ ನಡುವೆ ತಪ್ಪಿಸಿಕೊಳ್ಳಲೆಳಸಿದವನನ್ನು ಕಡಲಿನಿಂದ ಉರುಳಿಬರುವ ಬೆಳ್ಳನೆಯ ದೊಡ್ಡ ಗೋಳವೊಂದು ಮುಸುಕಿ ಉಸಿರುಗಟ್ಟಿಸುತ್ತದೆ. ನೀನು ರಾಜೀನಾಮೆ ಕೊಟ್ಟುದೇಕೆ ಎಂಬುದೊಂದನ್ನೇ ಅವರು ಅವನಿಂದ ಕೇಳುವುದು. ಅದನ್ನು ಅವನು ಹೇಳುವುದಿಲ್ಲ. ಕಡೆಯವರೆಗೂ ನಮಗೂ ಹೇಳುವುದಿಲ್ಲ. ಈ ಪಾತ್ರವನ್ನು ವಹಿಸಿದವನು ಪ್ಯಾಟ್ರಿಕ್ ಮೆಗೂಹನ್. ಕೃತಿಯ ಕಲ್ಪನೆಯಲ್ಲಿ, ಬರವಣಿಗೆಯಲ್ಲಿ, ನಿರ್ದೇಶನದಲ್ಲಿ ಮುಖ್ಯವಾದ ಕೈಯೂ ಅವನದೇ.

ಅವನ ಹೆಸರೇನು, ಊರು ಎಲ್ಲಿದೆ, ಅದನ್ನು ನಡೆಸುವವರು ನಮ್ಮ ಪಕ್ಷದವರೋ ಶತ್ರುಪಕ್ಷದವರೋ, ಒಂದನೆಯವನು ಯಾರು, ಇವೆಲ್ಲ ಮೊದಲನೆಯ ರಾತ್ರಿಯೇ ಏಳುವ ಪ್ರಶ್ನೆಗಳು. ಪ್ರಶ್ನೆ ಎದ್ದ ಮೇಲೆ ಏಳು ದಿನಗಳ ಬಿಡುವು. ಮಹಾಭಾರತದ ಆದಿಪರ್ವದಲ್ಲಿ, ಬರೆಯಲು ಕುಳಿತ ಗಣಪತಿಯು ಅರ್ಥಕ್ಕಾಗಿ ತಡೆದು ನಿಲ್ಲಲೆಂದು ವ್ಯಾಸರು ಅಲ್ಲಲ್ಲಿ ಕೂಟಶ್ಲೋಕಗಳನ್ನು ಹೆಣೆದು, ಅವನು ಚಿಂತಿಸುವಷ್ಟರಲ್ಲಿ ಮುಂದಿನ ಶ್ಲೋಕಗಳನ್ನು ರಚಿಸಿಕೊಳ್ಳುತ್ತಿದ್ದರೆಂಬ ಕಥೆಯುಂಟಷ್ಟೆ. ಇಲ್ಲಿಯೂ ಅಂಥದೇ ಒಂದು ಸ್ಥಿತಿ ಒದಗಿತ್ತು: ನೋಟಕರು ಪ್ರಶ್ನೆಗಳೊಡನೆ ಹೆಣಗುತ್ತಿರುವಾಗಲೇ ಕೃತಿಯ ಕೊನೆಯ ಭಾಗ ಇನ್ನೂ ಸಿದ್ಧವಾಗುತ್ತಿತ್ತು. ಉತ್ತರವೆಂಬುದು ಎಲ್ಲಿಯೋ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇದ್ದಿತೆಂದು ನೋಟಕರು ನಂಬಿದ್ದರು. ಆ ಪೆಟ್ಟಿಗೆಯನ್ನು ಆಗತಾನೆ ತುಂಬುತ್ತಿದ್ದರು.

ಆ ಕಾಲದ ನೋಟಕರಿಗೆ ಒದಗಿದ್ದ ಸಾಧನಗಳೆಷ್ಟು ಎಂಬುದನ್ನೂ ನೆನೆಯಬೇಕು. ಚಿತ್ರವನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೊಮ್ಮೆ ನೋಡುವ ಸೌಕರ್ಯ ಮನೆಗಳಲ್ಲಿ ಇರಲಿಲ್ಲ. ಒಮ್ಮೆ ಕಂಡದ್ದು ಕಂಡಿತು, ತಪ್ಪಿದ್ದು ತಪ್ಪಿತು. ಧಾರಾವಾಹಿಯನ್ನು ವರ್ಣದಲ್ಲಿ ಚಿತ್ರಿಸಿದ್ದರೂ, ಐಟಿವಿಯಲ್ಲಿ ವರ್ಣಪ್ರಸಾರ ಬಂದದ್ದು 1969ರ ನವೆಂಬರಿನಲ್ಲಿಯಾದ್ದರಿಂದ, ಮೊದಲ ಪ್ರಸಾರವನ್ನು ಬ್ರಿಟನ್ನಿನ ಜನ ಕಂಡದ್ದು ಕಪ್ಪುಬಿಳುಪಿನಲ್ಲಿ. ಕೊಡೆಗಳ, ಪಟ್ಟೆಪಟ್ಟೆಯ ಮೇಲಂಗಿಗಳ ಬಣ್ಣಗಳಿಗೆ ಅರ್ಥ ಹಚ್ಚುವ ಸಿದ್ಧಾಂತಗಳೆಲ್ಲವೂ ಹಾಗಾಗಿ ಎರಡನೆಯ ತಲೆಮಾರಿನವು. ಮೊದಲಿನವರು ಕೇವಲ ನೆನಪನ್ನು ನೆಚ್ಚಿ, ಮರುದಿನ ಕೆಲಸದ ಸ್ಥಳದಲ್ಲಿ ಒಬ್ಬರ ನೆನಪಿನೊಡನೆ ಇನ್ನೊಬ್ಬರ ನೆನಪನ್ನು ತಾಳೆನೋಡಿ, ತಮ್ಮ ಊಹೆಗಳನ್ನು ಕಟ್ಟಬೇಕಾಗಿತ್ತು. ಆ ಶ್ರಮವನ್ನು ನೆನೆದರೆ ನನಗೆ ಅವರಲ್ಲಿ ಗೌರವ ಹುಟ್ಟುತ್ತದೆ.

ಊರು ಎಲ್ಲಿದೆ ಎಂಬ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳೋಣ. ಎರಡನೆಯ ಕಂತಾದ ‘ದಿ ಚೈಮ್ಸ್ ಆಫ್ ಬಿಗ್ ಬೆನ್’ನಲ್ಲಿ ನಾಡಿಯಾ ಎಂಬ ಹೆಂಗಸು, ಇದು ಬಾಲ್ಟಿಕ್ ಸಮುದ್ರತೀರದ ಲಿಥುವೇನಿಯಾ, ಪೋಲೆಂಡಿನ ಗಡಿಗೆ ಮೂವತ್ತು ಮೈಲಿ, ಎಂದು ಅವನಿಗೆ ತಿಳಿಸುತ್ತಾಳೆ. ಇಬ್ಬರೂ ದೋಣಿಯಲ್ಲಿ ಪಾರಾಗಿ, ಮರದ ಪೆಟ್ಟಿಗೆಯೊಳಗೆ ಅಡಗಿ, ನೆಲ ನೀರು ಆಕಾಶಗಳನ್ನು ದಾಟಿ ಲಂಡನ್ನಿನ ಕಚೇರಿಗೆ ಬಂದು ಸೇರುತ್ತಾರೆ. ತನ್ನ ಹಳೆಯ ಅಧಿಕಾರಿಗಳ ಮುಂದೆ ಅವನು ರಾಜೀನಾಮೆಯ ಕಾರಣವನ್ನು ಇನ್ನೇನು ಬಾಯಿಬಿಟ್ಟು ಹೇಳಬೇಕು, ಅಷ್ಟರಲ್ಲಿ ಹೊರಗೆ ಬಿಗ್ ಬೆನ್ ಗಂಟೆ ಹೊಡೆಯುತ್ತದೆ. ಅವನ ದೃಷ್ಟಿ ಮಣಿಕಟ್ಟಿನ ಮೇಲೆ ಬೀಳುತ್ತದೆ. ಆ ಕೈಗಡಿಯಾರವನ್ನು ಅವನಿಗೆ ಕೊಟ್ಟವನು ಪೋಲೆಂಡಿನಲ್ಲಿದ್ದವನು. ಪೋಲೆಂಡಿಗೂ ಲಂಡನ್ನಿಗೂ ಒಂದು ಗಂಟೆಯ ಅಂತರವಿರಬೇಕಷ್ಟೆ. ಇಲ್ಲಿ ಎರಡೂ ಒಂದೇ ವೇಳೆಯನ್ನು ತೋರಿಸುತ್ತಿವೆ. ಅವನು ಎದ್ದು, ಗೋಡೆಯ ಹಿಂದೆ ಅಡಗಿದ್ದ ಧ್ವನಿಯಂತ್ರದ ತಂತಿಯನ್ನು ಕಿತ್ತು, ಬಾಗಿಲು ತೆರೆದು ಹೊರಗೆ ಬಂದರೆ ಅದೇ ಊರು! ಪ್ರಯಾಣವೆಲ್ಲವೂ ಕಪಟನಾಟಕ. ಕೈಗಡಿಯಾರವೊಂದು ಇಡಿಯ ಕಪಟವನ್ನು ಒಡೆಯುವ ಈ ಸನ್ನಿವೇಶವೇ ಅಭಿಮಾನಿಗಳಿಗೆ ಗುರುಸ್ಥಾನದಲ್ಲಿ ನಿಂತಿತೆಂದು ನಾನು ತಿಳಿದಿದ್ದೇನೆ. ಸಣ್ಣ ವಿವರವನ್ನು ಅಲಕ್ಷ್ಯ ಮಾಡಬೇಡಿ, ಅದರಲ್ಲಿಯೇ ಬಿಡುಗಡೆಯಿದೆ ಎಂದು ಕೃತಿಯೇ ತನ್ನ ನೋಟಕನಿಗೆ ಕಲಿಸಿಕೊಟ್ಟ ಮೇಲೆ, ಅವನು ಕೃತಿಯನ್ನೂ ಅದೇ ಕಣ್ಣಿನಿಂದ ನೋಡಿದರೆ ಅವನ ತಪ್ಪೇನು?

ಏಳನೆಯ ಕಂತಿನಲ್ಲಿ ಇನ್ನೊಂದು ಸಾಕ್ಷ್ಯ ದೊರೆಯುತ್ತದೆ. ನಿರ್ಜನವಾದ ಊರಿನಿಂದ ಅವನು ತೆಪ್ಪ ಕಟ್ಟಿಕೊಂಡು ಹೊರಟು, 25 ದಿನ ಕಡಲಿನಲ್ಲಿ ತೇಲಿ ಇಂಗ್ಲೆಂಡನ್ನು ಸೇರುತ್ತಾನೆ. ಅವನ ದಿನಚರಿಯ ಅಂಕಿಗಳಿಂದ ಲೆಕ್ಕಹಾಕಿದ ಅಧಿಕಾರಿಗಳು ಮೊರಾಕೊ ಮತ್ತು ಪೋರ್ಚುಗಲ್-ಸ್ಪೇನ್‌ಗಳ ಕರಾವಳಿಯತ್ತ ಬೆರಳು ತೋರಿಸುತ್ತಾರೆ. ವಿಮಾನದಲ್ಲಿ ಹುಡುಕಿ ಹೋದಾಗ ಊರು ಅಲ್ಲಿ ಕಂಡೇ ಕಾಣುತ್ತದೆ. ಕಡೆಯ ಕಂತಿನಲ್ಲಾದರೋ ಅವನೂ ಅವನ ಸಂಗಡಿಗರೂ ಒಂದು ಲಾರಿಯಲ್ಲಿ ಸುರಂಗವನ್ನು ಭೇದಿಸಿಕೊಂಡು ಹೊರಟು, ಕಡಲನ್ನೇ ದಾಟದೆ, ನೇರವಾಗಿ ಲಂಡನ್ನಿಗೆ ಹೋಗುವ ಏ20 ಹೆದ್ದಾರಿಯನ್ನು ಹಿಡಿಯುತ್ತಾರೆ. ಲಿಥುವೇನಿಯಾ ಸುಳ್ಳೆಂದು ಬಿಟ್ಟರೂ, ಮೊರಾಕೊದ ಕಡಲೂ ಕೆಂಟ್ ಪ್ರಾಂತದ ರಸ್ತೆಯೂ ಒಂದೆಡೆ ಕೂಡುವುದು ಹೇಗೆ? ಊರುಗಳು ಅನೇಕವಿವೆ ಎಂದರು ಕೆಲವರು. ಅಧಿಕಾರಿಗಳ ಲೆಕ್ಕವೇ ಮೋಸವೆಂದರು ಕೆಲವರು. ಬರೆದವರಿಗೆ ಎಚ್ಚರವಿರಲಿಲ್ಲವೆಂದು ಕೈತೊಳೆದುಕೊಂಡವರೂ ಉಂಟು. ನನಗೆ ಒಪ್ಪಿಗೆಯಾದ ಸಿದ್ಧಾಂತವೆಂದರೆ, ಎಲ್ಲಿಂದ ಹೊರಟರೂ ಲಂಡನ್ನಿಗೇ ದಾರಿಯಿರುವ ಈ ಊರು ಲಂಡನ್ನಿನ ಹೊರಗಿನದಲ್ಲವೆಂಬುದು. ಎರಡನೆಯವನು ಒಂದೆಡೆ, ಊರನ್ನು ನಡೆಸುವವರು ಯಾವ ಪಕ್ಷದವರೆಂಬುದು ಮುಖ್ಯವಲ್ಲ, ಎರಡು ಪಕ್ಷಗಳೂ ಕಾಲಕ್ರಮದಲ್ಲಿ ಒಂದರ ಪಡಿಯಚ್ಚಿನಂತೆ ಇನ್ನೊಂದು ಆಗುತ್ತಿವೆ ಎಂಬ ಅರ್ಥದಲ್ಲಿ ಮಾತನಾಡುತ್ತಾನೆ. ಭೂಪಟದಲ್ಲಿ ಕೂಡಿಬಾರದ ಸಾಕ್ಷ್ಯಗಳೆಲ್ಲವೂ ಆ ಮಾತಿನೊಡನೆ ಚೆನ್ನಾಗಿ ಕೂಡಿಬರುತ್ತವೆ.

ಕಥೆಯ ಹೊರಗೆ, ಚಿತ್ರೀಕರಣ ನಡೆದದ್ದು ಉತ್ತರ ವೇಲ್ಸಿನ ಪೋರ್ಟ್‌ಮೇರಿಯನ್ ಎಂಬ ಗ್ರಾಮದಲ್ಲಿ. ಕ್ಲಫ್ ವಿಲಿಯಮ್ಸ್-ಎಲ್ಲಿಸ್ ಎಂಬ ವಾಸ್ತುಶಿಲ್ಪಿ 1925ರಿಂದ ಮೊದಲುಗೊಂಡು ಅರ್ಧ ಶತಮಾನದ ಕಾಲ, ಇಟಲಿಯ ಗ್ರಾಮಗಳ ಸೊಬಗನ್ನು ಮನಸ್ಸಿನಲ್ಲಿಟ್ಟುಕೊಂಡು, ನದೀಮುಖದ ಇಳಿಜಾರಿನಲ್ಲಿ ಗೋಪುರ, ಗುಮ್ಮಟ, ಕಂಬಸಾಲುಗಳನ್ನು ಒಂದೊಂದಾಗಿ ನಿಲ್ಲಿಸಿದ ಸ್ಥಳವದು. ಈ ಹೆಸರನ್ನು ಧಾರಾವಾಹಿಯು ಬಹಿರಂಗಪಡಿಸಿದ್ದು ಕಡೆಯ ಕಂತಿನ ಆರಂಭದಲ್ಲಿ ಮಾತ್ರ. ಆ ತನಕ ನೋಟಕರಿಗೆ ಊರಿನ ಕಲ್ಪಿತ ಸ್ಥಳದಂತೆ ನಿಜಸ್ಥಳವೂ ರಹಸ್ಯವಾಗಿತ್ತು.

ಇನ್ನು ಅವನು ಯಾರು ಎಂಬ ಪ್ರಶ್ನೆ. ಮೆಗೂಹನ್ ಇದಕ್ಕೆ ಮೊದಲು ‘ಡೇಂಜರ್ ಮ್ಯಾನ್’ ಎಂಬ ಧಾರಾವಾಹಿಯಲ್ಲಿ ಜಾನ್ ಡ್ರೇಕ್ ಎಂಬ ಗುಪ್ತಚರನ ಪಾತ್ರದಿಂದ ಪ್ರಸಿದ್ಧನಾಗಿದ್ದನು. 1960ರಲ್ಲಿ ಬಂದ ಅದರ ಮೊದಲ ಕಂತಿನ ಕೆಲವು ದೃಶ್ಯಗಳನ್ನು ತೆಗೆದದ್ದು ಇದೇ ಪೋರ್ಟ್‌ಮೇರಿಯನ್ನಿನಲ್ಲಿ. ಆ ಧಾರಾವಾಹಿಯ ಪಾಟರ್ ಎಂಬ ಪಾತ್ರ ಅದೇ ನಟನಿಂದ ಅದೇ ಹೆಸರಿನಲ್ಲಿ ಇಲ್ಲಿಯೂ ಒಂದು ಕಂತಿನಲ್ಲಿ ತಲೆದೋರುತ್ತದೆ. ಆದುದರಿಂದ ಸೆರೆಯಾಳು ಡ್ರೇಕನೇ ಸರಿ ಎಂದು ಬಹುಜನ ಅಭಿಮಾನಿಗಳು ಸಾಧಿಸಿದರು. ಕಥಾಸಂಪಾದಕನಾದ ಜಾರ್ಜ್ ಮಾರ್ಕ್‌ಸ್ಟೈನನ ಮತವೂ ಅದೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ರಹಸ್ಯಗಳನ್ನು ಅತಿಯಾಗಿ ತಿಳಿದವರನ್ನು ಸ್ಕಾಟ್ಲೆಂಡಿನ ಇನ್ವರ್ಲೇರ್ ಲಾಡ್ಜ್ ಎಂಬಲ್ಲಿ ಸುಖವಾಗಿಯೇ ಇರಿಸಿ, ಹೊರಗೆ ಬಿಡದಿದ್ದ ಸಂಗತಿಯಿಂದ ತನಗೆ ಈ ಕಲ್ಪನೆ ಮೂಡಿತೆಂದು ಹೇಳಿದವನು ಅವನು. ಮೆಗೂಹನ್ ಮಾತ್ರ ಇದನ್ನು ಸತತವಾಗಿ ನಿರಾಕರಿಸಿದನು. ಡ್ರೇಕನ ಪಾತ್ರವನ್ನು ಸೃಷ್ಟಿಸಿದವನು ರಾಲ್ಫ್ ಸ್ಮಾರ್ಟ್ ಆದ್ದರಿಂದ, ಆ ಹೆಸರನ್ನು ಬಳಸಿದರೆ ಅವನಿಗೆ ಸಂಭಾವನೆ ಸಲ್ಲಿಸಬೇಕಾಗುತ್ತಿತ್ತು, ನಿರಾಕರಣೆಯ ನಿಜವಾದ ಕಾರಣ ಅದೇ ಎಂದು ಡ್ರೇಕ್‌ಪಕ್ಷದವರು ಮರುವಾದ ಹೂಡಿದರು.

ಈ ವಾದದಲ್ಲಿ ಸ್ವಾರಸ್ಯವಾದ ಒಂದು ಪ್ರಸಂಗವಿದೆ. ‘ಒನ್ಸ್ ಅಪಾನ್ ಎ ಟೈಮ್’ ಎಂಬ ಹದಿನಾರನೆಯ ಕಂತಿನಲ್ಲಿ ಎರಡನೆಯವನು ಶಾಲೆಯ ಮುಖ್ಯೋಪಾಧ್ಯಾಯನಂತೆ ನಟಿಸುತ್ತ, ಬೆಳಗಿನ ವಿರಾಮದ ವೇಳೆಯಲ್ಲಿ ನನ್ನ ಕೊಠಡಿಗೆ ಬಾ ಎಂದು ಸೆರೆಯಾಳಿಗೆ ಆಜ್ಞಾಪಿಸುತ್ತಾನೆ. ವಿರಾಮವನ್ನು ಸೂಚಿಸುವ ‘ಬ್ರೇಕ್’ ಎಂಬ ಪದವನ್ನು ಅನೇಕರು ‘ಡ್ರೇಕ್’ ಎಂದೇ ಕೇಳಿಸಿಕೊಂಡರು. ಇಗೋ, ಹೆಸರು ಬಾಯಿತಪ್ಪಿ ಹೊರಬಿದ್ದಿತೆಂದು ಹಿಗ್ಗಿದರು. ಕಿವಿಗೆ ಬೇಕಾದುದು ಕಿವಿಗೆ ಬಿದ್ದಿತು. ಸಿದ್ಧಾಂತವು ಸಾಕ್ಷ್ಯದ ಮುಂದೆ ನಡೆಯತೊಡಗಿದರೆ ಆಗುವ ಅಪಾಯ ಇದು. ಇತಿಹಾಸಕಾರರಲ್ಲಿಯೂ ಶಾಸನತಜ್ಞರಲ್ಲಿಯೂ ಕಾಣದ ಅಪಾಯವೇನಲ್ಲ. ಮೊದಲ ಕಂತಿನಲ್ಲಿ ಸೆರೆಯಾಳು ಹೇಳುವ ತನ್ನ ಜನ್ಮದಿನ 1928ನೆಯ ಇಸವಿಯ ಮಾರ್ಚ್ 19 ಎಂಬುದು ಮೆಗೂಹನನ ಸ್ವಂತ ಜನ್ಮದಿನವೇ ಆಗಿರುವುದನ್ನು ನೋಡಿದರೆ, ಡ್ರೇಕನಿಗಿಂತ ನಟನೇ ಆ ಪಾತ್ರಕ್ಕೆ ಹತ್ತಿರದವನು. ಜನಪ್ರಿಯವಾದ ಪಾತ್ರವೊಂದರ ಸೆರೆಯಿಂದ ರಾಜೀನಾಮೆ ಕೊಟ್ಟು ಹೊರಬಂದವನು ಅವನೇ ಅಲ್ಲವೆ? ಡ್ರೇಕ್‌ಸಿದ್ಧಾಂತವು ನಿಜವಾದರೂ ಅದರಿಂದ ಕೃತಿಯ ಬೆಲೆ ಕುಗ್ಗುತ್ತದೆಂದು ನನಗನ್ನಿಸುತ್ತದೆ. ಹೆಸರಿಲ್ಲದವನ ಕಥೆಗೆ ಹಳೆಯ ಹೆಸರೊಂದನ್ನು ತಂದು ಅಂಟಿಸಿದರೆ ನೋಡುವುದಕ್ಕೆ ಹೊಸತಾಗಿ ಏನೂ ಉಳಿಯುವುದಿಲ್ಲ. ಅಂದ ಹಾಗೆ, ಬಹುಪಾಲು ಕಂತುಗಳ ಆರಂಭದಲ್ಲಿ ಮೇಜಿನ ಹಿಂದೆ ಮೌನವಾಗಿ ಕುಳಿತು ಆ ರಾಜೀನಾಮೆಯನ್ನು ಸ್ವೀಕರಿಸುವ ಅಧಿಕಾರಿ, ಸ್ವತಃ ಮಾರ್ಕ್‌ಸ್ಟೈನನೇ.

ಎಲ್ಲ ಸಿದ್ಧಾಂತಗಳಲ್ಲಿ ನಾನು ಅತ್ಯಂತ ಆದರದಿಂದ ಕಾಣುವುದು ಕಂತುಗಳ ಅನುಕ್ರಮವನ್ನು ಕುರಿತಾದುದು. ತಯಾರಾದ ಕ್ರಮ ಒಂದು, ಪ್ರಸಾರವಾದ ಕ್ರಮ ಇನ್ನೊಂದು. ಕಥೆಯೊಳಗಿನ ಕಾಲಕ್ರಮ ಯಾವುದೆಂದು ಕೃತಿ ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಅಭಿಮಾನಿಗಳು, ತಾಳೆಗರಿಗಳ ಕಟ್ಟು ಬಿಚ್ಚಿ ಚೆಲ್ಲಾಪಿಲ್ಲಿಯಾದಾಗ ಗ್ರಂಥಸಂಪಾದಕನು ಮಾಡುವ ಕೆಲಸವನ್ನೇ ಇಲ್ಲಿ ಮಾಡಿದ್ದಾರೆ. ‘ಡಾನ್ಸ್ ಆಫ್ ದಿ ಡೆಡ್’ ಪ್ರಸಾರವಾದದ್ದು ಎಂಟನೆಯದಾಗಿ. ಆದರೆ ಅದರಲ್ಲಿ ಸೆರೆಯಾಳು ತಾನು ಇಲ್ಲಿಗೆ ಹೊಸಬನೆನ್ನುತ್ತಾನೆ. ಹಾಗಾದರೆ ಅದು ಬಹಳ ಮುಂಚಿನದಾಗಿರತಕ್ಕದ್ದು. ಇದಕ್ಕಿಂತಲೂ ಸೂಕ್ಷ್ಮವಾದ ನಿದರ್ಶನವೊಂದಿದೆ. ಕಂತುಗಳ ಆರಂಭದಲ್ಲಿ ನೀನು ಯಾರೆಂದು ಸೆರೆಯಾಳು ಕೇಳುವಾಗ, ನಾನು ಹೊಸ ಎರಡನೆಯವನು ಎಂಬುದು ರೂಢಿಯ ಉತ್ತರ. ಮೂರನೆಯದಾಗಿ ಪ್ರಸಾರವಾದ ‘ಎ, ಬಿ ಅಂಡ್ ಸಿ’ಯಲ್ಲಿ ಮಾತ್ರ, ನಾನು ಎರಡನೆಯವನು ಎಂದಷ್ಟೇ ಕೇಳಿಸುತ್ತದೆ, ‘ಹೊಸ’ ಎಂಬುದು ಬಿಟ್ಟುಹೋಗಿದೆ. ಆ ಕಂತಿನಲ್ಲಿ ಎರಡನೆಯವನಾಗಿ ಬರುವ ಕಾಲಿನ್ ಗಾರ್ಡನ್ ಎಂಬ ನಟನು ಆರನೆಯದಾಗಿ ಪ್ರಸಾರವಾದ ‘ದಿ ಜನರಲ್’ನಲ್ಲಿಯೂ ಎರಡನೆಯವನೇ. ‘ದಿ ಜನರಲ್’ನಲ್ಲಿ ಅವನು ಆತ್ಮವಿಶ್ವಾಸದಿಂದ ಬೀಗುತ್ತಾನೆ, ಆ ಕಂತಿನ ಕೊನೆಯಲ್ಲಿ, ಎಲ್ಲ ಪ್ರಶ್ನೆಗಳಿಗೂ ಉತ್ತರ ಬಲ್ಲ ಗಣಕಯಂತ್ರಕ್ಕೆ ಸೆರೆಯಾಳು ‘ಏಕೆ?’ ಎಂಬ ಒಂದೇ ಪ್ರಶ್ನೆಯನ್ನು ಒಡ್ಡಿ ಅದನ್ನು ಸುಟ್ಟು ನಾಶಗೊಳಿಸುತ್ತಾನೆ. ‘ಎ, ಬಿ ಅಂಡ್ ಸಿ’ಯಲ್ಲಿ ಅದೇ ಮನುಷ್ಯನು ಹೊಟ್ಟೆಯ ಉರಿತವನ್ನು ತಣಿಸಲು ಮತ್ತೆ ಮತ್ತೆ ಹಾಲು ಕುಡಿಯುತ್ತ, ಮೇಲಿನವರಿಂದ ಬರುವ ದೂರವಾಣಿ ಕರೆಗೆ ನಡುಗುತ್ತ ಕುಳಿತಿರುತ್ತಾನೆ. ಮೊದಲು ಸೋಲು, ಆಮೇಲೆ ಭಯ. ಕ್ರಮವನ್ನು ಹಿಂದುಮುಂದು ಮಾಡಿದೊಡನೆ ಎರಡು ಬಿಡಿಕಂತುಗಳು ಒಬ್ಬ ಅಧಿಕಾರಿಯ ಪತನದ ಕಥೆಯಾಗಿ ಬೆಸೆದುಕೊಳ್ಳುತ್ತವೆ. ಒಂದು ಪದದ ಅಭಾವವನ್ನು ಗಮನಿಸಿ, ಅದರಿಂದ ಒಂದು ಪಾತ್ರಕ್ಕೆ ಜೀವ ತುಂಬಿದ ಆ ಅಜ್ಞಾತ ನೋಟಕನನ್ನು ನಾನು ಸಹೃದಯನೆಂದು ಕರೆಯಲು ಹಿಂಜರಿಯುವುದಿಲ್ಲ.

ಇಷ್ಟು ಅರ್ಥವನ್ನು ಬರೆದವರು ಉದ್ದೇಶಿಸಿದ್ದರೆ ಎಂದು ಕೇಳುವವರಿದ್ದಾರೆ. ಅನೇಕ ಕಡೆಗಳಲ್ಲಿ ಉದ್ದೇಶಿಸಿರಲಿಲ್ಲವೆಂಬುದು ನಿಶ್ಚಯ. ಬೆಳ್ಳನೆಯ ಗೋಳವನ್ನೇ ತೆಗೆದುಕೊಳ್ಳಿ. ಕಾವಲಿಗೆಂದು ಮೊದಲು ಸಿದ್ಧಪಡಿಸಿದ್ದ ಯಂತ್ರವಾಹನ ಚಿತ್ರೀಕರಣದಲ್ಲಿ ಕೈಕೊಟ್ಟಿದ್ದರಿಂದ, ಹವಾಮಾನ ಪರೀಕ್ಷೆಗೆ ಹಾರಿಬಿಡುವ ಬಲೂನನ್ನು ಅದರ ಬದಲಿಗೆ ತಂದರು. ಕಡೆಯ ಕಂತಿನಲ್ಲಿ ಲಿಯೋ ಮೆಕರ್ನ್ ವಹಿಸಿದ ಎರಡನೆಯವನಿಗೆ ಪುನರ್ಜೀವ ಕೊಟ್ಟು ಗಡ್ಡವನ್ನು ಬೋಳಿಸುವ ದೃಶ್ಯಕ್ಕೆ ಅಭಿಮಾನಿಗಳು ದೀಕ್ಷಾವಿಧಿಯ ಅರ್ಥವನ್ನು ಕಂಡಿದ್ದಾರೆ; ಹಿಂದಿನ ಕಂತನ್ನು ಚಿತ್ರಿಸಿ ಬಹುಕಾಲ ಕಳೆದು, ನಟನು ಅಷ್ಟರಲ್ಲಿ ಬೇರೊಂದು ಪಾತ್ರಕ್ಕಾಗಿ ಗಡ್ಡ ತೆಗೆಸಿಕೊಂಡಿದ್ದುದೇ ಅದರ ಹಿನ್ನೆಲೆ. ಆದರೆ ಕಾರಣ ಬೇರೆ, ಅರ್ಥ ಬೇರೆ. ಯಂತ್ರವು ಕೆಟ್ಟದ್ದು ಆಕಸ್ಮಿಕ. ಮುಖವಿಲ್ಲದ, ಅಂಚಿಲ್ಲದ, ಎತ್ತ ಹಿಡಿದರೂ ಜಾರುವ ವಸ್ತುವನ್ನು ಅದರ ಸ್ಥಾನದಲ್ಲಿ ನಿಲ್ಲಿಸಬೇಕೆಂದು ಹೊಳೆದದ್ದು ಆಕಸ್ಮಿಕವಲ್ಲ. ಸತ್ತು ಮರುಹುಟ್ಟಿದವನಿಗೆ ಗಡ್ಡ ಬೋಳಿಸುವುದು ಎಷ್ಟು ಸಮಂಜಸವೆಂಬುದು ನಟನ ಅನುಕೂಲದಿಂದ ಹುಟ್ಟಿದ ಮಾತ್ರಕ್ಕೆ ಅಸಮಂಜಸವಾಗುವುದಿಲ್ಲ.

ಎಲ್ಲವೂ ಅವನ ಕನಸು, ವಿಷವಾಯುವಿನಿಂದ ಪ್ರಜ್ಞೆತಪ್ಪಿದವನ ಭ್ರಾಂತಿ ಎಂಬುದೊಂದು ಸಿದ್ಧಾಂತ ಉಂಟು. ಅದನ್ನು ನಾನು ಒಪ್ಪಲಾರೆ. ಕನಸೆಂದ ಮೇಲೆ ಗಡಿಯಾರದ ಒಂದು ಗಂಟೆಗೂ ಹಾಲಿನ ಲೋಟಕ್ಕೂ ಲೆಕ್ಕವಿಡಬೇಕಾದ ಅಗತ್ಯವೇ ಇಲ್ಲ. ನೋಡುವ ಕಣ್ಣಿಗೆ ನಿವೃತ್ತಿಯನ್ನು ಕೊಡುವ ಸಿದ್ಧಾಂತ ಎಷ್ಟು ಅಚ್ಚುಕಟ್ಟಾಗಿದ್ದರೂ ದುರ್ಬಲವಾದುದು.

ಒಂದನೆಯವನು ಯಾರು ಎಂಬುದಕ್ಕೆ ಬರೋಣ. ಆಂಜೆಲೊ ಮಸ್ಕಾಟ್ ಎಂಬ ಕುಬ್ಜ ನಟನು ವಹಿಸಿದ ಮೂಕ ಪರಿಚಾರಕನೇ ಒಂದನೆಯವನೆಂದು ಅನೇಕರು ಊಹಿಸಿದ್ದರು. ಎರಡನೆಯವರು ಬಂದುಹೋಗುತ್ತಿರಲು, ಚಹದ ತಟ್ಟೆಯನ್ನು ಹಿಡಿದು 14 ಕಂತುಗಳಲ್ಲಿ ಕಾಣಿಸಿಕೊಳ್ಳುವವನು ಅವನೊಬ್ಬನೇ, ಊಹೆಗೆ ಆಧಾರವಿರಲಿಲ್ಲವೆನ್ನಲಾಗದು. ಇನ್ನು ಕೆಲವರು ಆರಂಭದ ಸಂಭಾಷಣೆಯನ್ನೇ ಹಿಡಿದರು. ಒಂದನೆಯವನು ಯಾರೆಂದು ಸೆರೆಯಾಳು ಕೇಳುತ್ತಾನೆ. ನೀನು ಆರನೆಯವನು ಎಂದು, ಪ್ರಶ್ನೆಗೆ ಸಲ್ಲದ ಉತ್ತರ ಬರುತ್ತದೆ. ಇಂಗ್ಲಿಷಿನ ಆ ವಾಕ್ಯವನ್ನು ನಡುವೆ ಕ್ಷಣಮಾತ್ರ ತಡೆದು ಉಚ್ಚರಿಸಿದರೆ, ಅದು ನೀನೇ ಆರನೆಯವನೆ, ಎಂದು ನೇರವಾದ ಉತ್ತರವಾಗುತ್ತದೆ. ವಾರವಾರವೂ ಉತ್ತರ ಹೇಳುತ್ತಲೇ ಇದ್ದರು, ನಾವು ಕೇಳಿಸಿಕೊಳ್ಳಲಿಲ್ಲ, ಎಂದು ಈ ಪಕ್ಷದವರ ವಾದ. ಅವರು ಮತ್ತೊಂದನ್ನೂ ತೋರಿಸುತ್ತಾರೆ: ಲಂಡನ್ನಿನಲ್ಲಿ ಸೆರೆಯಾಳಿನ ಸ್ವಂತ ಮನೆಯ ಬಾಗಿಲಿನ ಮೇಲಿರುವ ಸಂಖ್ಯೆ 1.

‘ಫಾಲ್ ಔಟ್’ ಎಂಬ ಕಡೆಯ ಕಂತಿನಲ್ಲಿ ಸೆರೆಯಾಳು ಸುರುಳಿಮೆಟ್ಟಿಲನ್ನೇರಿ, ಬಿಳಿಯ ನಿಲುವಂಗಿ ತೊಟ್ಟು ಬೆನ್ನು ತಿರುಗಿಸಿ ನಿಂತ ವ್ಯಕ್ತಿಯನ್ನು ಸಮೀಪಿಸುತ್ತಾನೆ. ಎದೆಯ ಮೇಲೆ 1 ಎಂಬ ಅಂಕಿ. ಕಪ್ಪುಬಿಳುಪಿನ ಮುಖವಾಡವನ್ನು ಕಿತ್ತರೆ ಒಳಗೆ ಕಪಿಯ ಮುಖವಾಡ. ಅದನ್ನೂ ಕಿತ್ತರೆ ಹುಚ್ಚುನಗೆ ನಗುತ್ತಿರುವ ತನ್ನದೇ ಮುಖ. ಆ ಮುಖ ತೆರೆಯ ಮೇಲೆ ನಿಲ್ಲುವುದು ರೆಪ್ಪೆ ಹೊಡೆಯುವಷ್ಟು ಹೊತ್ತು ಮಾತ್ರ. ಕಣ್ಣು ಬೇರೆಡೆ ಹರಿಸಿದ್ದವರಿಗೆ ಉತ್ತರ ದೊರೆಯಲೇ ಇಲ್ಲ. ದೊರೆತವರಲ್ಲಿ ಬಹುಮಂದಿಗೆ ಅದು ಉತ್ತರವೆನ್ನಿಸಲಿಲ್ಲ. ವಾಹಿನಿಯ ಕಚೇರಿಗಳಿಗೆ ಕುಪಿತರಾದ ನೋಟಕರ ದೂರವಾಣಿ ಕರೆಗಳು ಸುರಿದವು; ಕೆಲಕಾಲ ಜನರ ಕಣ್ಣಿಗೆ ಬೀಳದಂತೆ ತಾನು ಅಡಗಿರಬೇಕಾಯಿತೆಂದು ಮೆಗೂಹನನೇ ಮುಂದೆ ಹೇಳಿಕೊಂಡಿದ್ದಾನೆ. ಆ ಜನರ ಕೋಪವನ್ನು ನಾನು ಲಘುವಾಗಿ ಕಾಣುವುದಿಲ್ಲ. ನಾಲ್ಕು ತಿಂಗಳು ಶ್ರದ್ಧೆಯಿಂದ ಕುಳಿತು ನೋಡಿದವರಿಗೆ ತಾವು ವಂಚಿತರಾದೆವೆನ್ನಿಸುವುದು ಸಹಜ. ಆದರೆ ಅವರು ಎದುರುನೋಡಿದ್ದು ಒಗಟಿನ ಉತ್ತರವನ್ನು. ಕೃತಿ ಒಗಟಿನ ಜಾತಿಯದಾಗಿರಲಿಲ್ಲ.

ನಮ್ಮಲ್ಲಿ ಒಗಟಿಗೂ ಬೆಡಗಿಗೂ ಇರುವ ಭೇದ ಇಲ್ಲಿ ನೆನಪಿಗೆ ಬರುತ್ತದೆ. ಒಗಟಿಗೆ ಉತ್ತರ ಒಂದೇ, ಅದು ತಿಳಿದ ಕ್ಷಣವೇ ಒಗಟಿನ ಆಯುಸ್ಸು ತೀರಿತು. ಅಲ್ಲಮಪ್ರಭುವಿನ ಬೆಡಗಿನ ವಚನಗಳು ಹಾಗಲ್ಲ. ಹನ್ನೆರಡನೆಯ ಶತಮಾನದ ಆ ವಚನಗಳಿಗೆ ಹದಿನೈದನೆಯ ಶತಮಾನದ ವೀರಶೈವ ವಿದ್ವಾಂಸರು ಕುಳಿತು ಟೀಕೆಗಳನ್ನು ಬರೆದರು. ಈ ಪದಕ್ಕೆ ಈ ತತ್ತ್ವ, ಆ ಚಿತ್ರಕ್ಕೆ ಆ ಸ್ಥಲ, ಎಂದು ಒಂದೊಂದನ್ನೂ ಬಿಡಿಸಿಟ್ಟರು. ಟೀಕೆಯನ್ನು ಓದಿ ಮುಗಿಸಿ ಮತ್ತೆ ವಚನಕ್ಕೆ ಬಂದರೆ, ವಚನವು ಟೀಕೆಗೆ ಪೂರ್ತಿಯಾಗಿ ಸಿಕ್ಕದೆ ಹಾಗೆಯೇ ಮೊದಲಿನ ತೇಜಸ್ಸಿನಿಂದ ನಿಂತಿರುತ್ತದೆ. ಟೀಕೆ ಮಾತ್ರ, ನಾವು ಹಾಯ್ದುಹೋಗುತ್ತಿದ್ದ ಪದಗಳ ಮುಂದೆ ನಮ್ಮನ್ನು ನಿಲ್ಲಿಸಿತ್ತು. ಅನುಭಾವದ ಆ ಎತ್ತರಕ್ಕೂ ಒಂದು ಮನೋರಂಜನೆಯ ಕೃತಿಗೂ ಸಾಟಿಯಿದೆಯೆಂದು ನಾನು ಹೇಳುತ್ತಿಲ್ಲ. ವ್ಯಾಖ್ಯಾನಿಸುವ ಮನಸ್ಸಿನ ವ್ಯಾಪಾರ ಎರಡೆಡೆಯಲ್ಲಿಯೂ ಒಂದೇ ಎಂದಷ್ಟೇ ನನ್ನ ಮಾತು.

1977ರಲ್ಲಿ ಕೆನಡಾದ ಆಂಟೇರಿಯೊ ಪ್ರಾಂತದ ಶೈಕ್ಷಣಿಕ ದೂರದರ್ಶನದಲ್ಲಿ ಮೆಗೂಹನ್ ಆಸಕ್ತರಾದ ನೋಟಕರ ಎದುರಿಗೆ ಕುಳಿತು, ಮನುಷ್ಯನ ಅತ್ಯಂತ ದೊಡ್ಡ ಶತ್ರು ಅವನೊಳಗಿನ ದುಷ್ಟಾಂಶವೇ ಆದ್ದರಿಂದ ಒಂದನೆಯವನಿಗೆ ಆ ಮುಖವನ್ನು ಕೊಟ್ಟೆನೆಂದು ವಿವರಿಸಿದನು. ಅದೇ ವರ್ಷ ಇಂಗ್ಲೆಂಡಿನಲ್ಲಿ ‘ಸಿಕ್ಸ್ ಆಫ್ ಒನ್’ ಎಂಬ ಅಭಿಮಾನಿಗಳ ಸಂಘ ಸ್ಥಾಪಿತವಾಗಿ, ಸದಸ್ಯರು ಪೋರ್ಟ್‌ಮೇರಿಯನ್ನಿನಲ್ಲಿ ಸಮಾವೇಶಗೊಂಡು ಚರ್ಚಿಸುವ ಪದ್ಧತಿ ಬೆಳೆಯಿತು. ಕರ್ತೃವೇ ಅರ್ಥ ಹೇಳಿದ ಮೇಲೂ ಚರ್ಚೆಗೆ ವಿಷಯ ಉಳಿದಿತ್ತು. ಏಕೆಂದರೆ ಆ ವಿವರಣೆಗೆ ಒಳಪಡದ ದೃಶ್ಯವೊಂದು ಕೃತಿಯ ಕೊನೆಯಲ್ಲಿದೆ. ಸೆರೆಯಾಳು ಬಿಡುಗಡೆಯಾಗಿ ಲಂಡನ್ನಿಗೆ ಬಂದು ತನ್ನ ಕಾರನ್ನೇರಿ ಹೊರಡುತ್ತಾನೆ. ಮೂಕ ಪರಿಚಾರಕನು ಮನೆಯ ಮೆಟ್ಟಿಲು ಹತ್ತಿದಾಗ, 1 ಎಂಬ ಸಂಖ್ಯೆಯ ಆ ಬಾಗಿಲು, ಊರಿನ ಬಾಗಿಲುಗಳಂತೆಯೇ, ತಾನಾಗಿ ತೆರೆದುಕೊಳ್ಳುತ್ತದೆ. ಉಳಿದ ನಟರ ಹೆಸರುಗಳು ತೆರೆಯ ಮೇಲೆ ಮೂಡುತ್ತವೆ. ಮೆಗೂಹನನ ಹೆಸರು ಬರಬೇಕಾದೆಡೆಯಲ್ಲಿ ‘ಪ್ರಿಸನರ್’ ಎಂದಷ್ಟೇ ಇದೆ. ಆಮೇಲೆ ಗುಡುಗು, ಮೊದಲ ಕಂತಿನಲ್ಲಿ ಕಂಡ ದಾರಿ, ಕಂಡ ಕಾರು. ಅವನು ಬಿಡುಗಡೆ ಹೊಂದಲಿಲ್ಲವೆಂದು ಕೆಲವರು, ಹೊಂದಿದನು, ಆದರೆ ಬಿಡುಗಡೆಗಾಗಿ ನಿತ್ಯವೂ ರಾಜೀನಾಮೆ ಕೊಡುತ್ತಲೇ ಇರಬೇಕೆಂದು ಕೆಲವರು. ಎರಡನೆಯ ಪಕ್ಷದ ಕಡೆಗೆ ನನ್ನ ಮನಸ್ಸು ವಾಲುತ್ತದೆಯಾದರೂ, ತಾನಾಗಿ ತೆರೆಯುವ ಆ ಬಾಗಿಲಿಗೆ ಈ ಪಕ್ಷದವರು ಕೊಡುವ ಸಮಾಧಾನ ನನಗಿನ್ನೂ ತೃಪ್ತಿಕರವಾಗಿಲ್ಲ.

ಕೇಳುಗರಲ್ಲಿ ಯಾರಾದರೂ ಇದನ್ನು ಹೊಸದಾಗಿ ನೋಡುವುದಾದರೆ ನನ್ನದೊಂದು ಸಲಹೆ. ಮೊದಲ ಕಂತಾದ ‘ಅರೈವಲ್’ ಆದ ಬಳಿಕ ‘ಡಾನ್ಸ್ ಆಫ್ ದಿ ಡೆಡ್’ ಮತ್ತು ‘ಚೆಕ್‌ಮೇಟ್’ಗಳನ್ನು ಬೇಗನೆ ನೋಡಿಬಿಡಿ, ‘ದಿ ಜನರಲ್’ ಆದ ಮೇಲೆಯೇ ‘ಎ, ಬಿ ಅಂಡ್ ಸಿ’ಯನ್ನು ತೆಗೆದುಕೊಳ್ಳಿ. ತನಗೆ ಬೇಕಾಗಿದ್ದುದು ಏಳೇ ಕಂತುಗಳೆಂದು ಮೆಗೂಹನ್ ಹೇಳಿದ್ದುಂಟಾದರೂ, ಉಳಿದವನ್ನು ಅದಕ್ಕಾಗಿ ಬಿಡಬೇಡಿ. ಹಾಲು ಕುಡಿಯುವ ಅಧಿಕಾರಿ ಆ ಏಳರಲ್ಲಿ ಇಲ್ಲ. ‘ಒನ್ಸ್ ಅಪಾನ್ ಎ ಟೈಮ್’ ಮತ್ತು ‘ಫಾಲ್ ಔಟ್’ ಇವೆರಡನ್ನು ಮಾತ್ರ ಒಂದೇ ಸಂಜೆ, ನಡುವೆ ಎದ್ದುಹೋಗದೆ, ನೋಡತಕ್ಕದ್ದು. ಮೊದಲನೆಯದರ ಕೊನೆಯಲ್ಲಿ ನಿನಗೇನು ಬೇಕೆಂದು ಊರಿನ ಮೇಲ್ವಿಚಾರಕನು ಕೇಳಿದಾಗ ಸೆರೆಯಾಳು ಕೊಡುವ ಉತ್ತರದಿಂದಲೇ ಎರಡನೆಯದು ಹೊರಡುತ್ತದೆ.